ಎಲ್ಲದಕ್ಕೂ ಸೈ ಅನ್ನುವವನಿಗೆ ಕುರ್ಚಿ ಎಲ್ಲಿ?

ಕಳೆದ ಭಾನುವಾರ ಸಂಜೆ ನನ್ನ ಅಕ್ಕನ ಮಗ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಹೆಗಲ ಮೇಲೆ ಹೆಚ್ಚುಕಡಿಮೆ ಅವನಷ್ಟೇ ಉದ್ದದ ಕ್ರಿಕೆಟ್ ಕಿಟ್. ಆ ಚೀಲ ಹೊತ್ತುಕೊಂಡು ಲೋಕಲ್‌ನ ಮಾಮೂಲಿ ಡಬ್ಬಿಗೆ ಹತ್ತಿದರೆ ಜನ ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಅವನು ಯಾವಾಗಲೂ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ಪಕ್ಕದಲ್ಲಿ ನಿಂತು ಬರುತ್ತಾನೆ. ಬಾಗಿಲು ತೆರೆದ ಕೂಡಲೇ ನನ್ನವಳ ಆಜ್ಞೆ: "ಮೊದಲು ಸ್ನಾನ, ಆಮೇಲೆ ಚಹಾ."

ಸ್ನಾನ ಆಯಿತು, ಎರಡು ತಟ್ಟೆ ಅವಲಕ್ಕಿ ಖಾಲಿ ಆಯಿತು. ಆಮೇಲೆ ಕಿಟ್ಟಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ಹೊರಗೆ ಬಂತು.

"ಮಾವ, ನೀವು ಬ್ಯಾಂಕಿನವರು. ಫಾರ್ಮ್ ತುಂಬುವುದು ನಿಮಗೆ ಚೆನ್ನಾಗಿ ಗೊತ್ತಿರಬೇಕು. ಇದೊಂದು ನೋಡಿ."

ನೋಡಿದೆ. ಒಂದು ಕ್ಲಬ್ಬಿನ ಆಯ್ಕೆ ಶಿಬಿರದ ಅರ್ಜಿ. ಹೆಸರು, ವಯಸ್ಸು, ಕಾಲೇಜು ಎಲ್ಲ ಬರೆದಿದ್ದಾನೆ. ಒಂದೇ ಕಾಲಂ ಖಾಲಿ. ಅಲ್ಲಿ ಮೂರು ಚೌಕ: ಬ್ಯಾಟ್ಸ್‌ಮನ್, ಬೌಲರ್, ವಿಕೆಟ್ ಕೀಪರ್. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸೂಚನೆ, ಯಾವುದಾದರೂ ಒಂದಕ್ಕೆ ಮಾತ್ರ ಗುರುತು ಹಾಕಬೇಕಂತೆ. ಶನಿವಾರದೊಳಗೆ ಕೊಡಬೇಕಂತೆ.

"ಇದರಲ್ಲೇನಿದೆ? ನೀನು ಏನು ಆಡುತ್ತೀಯೋ ಅದಕ್ಕೆ ಹಾಕು."

"ಅದೇ ಮಾವ ತೊಂದರೆ. ನಾನು ಮೂರೂ ಆಡುತ್ತೇನೆ."

ಹುಡುಗ ಮಾಟುಂಗದ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ಶಾಲೆಯಲ್ಲಿದ್ದಾಗ 4ನೇ ಕ್ರಮಾಂಕದಲ್ಲಿ ಬ್ಯಾಟಿಂಗ್, ಜೊತೆಗೆ ಕೀಪಿಂಗ್, ಅವಶ್ಯ ಬಿದ್ದರೆ ಆಫ್ ಸ್ಪಿನ್. ಕಾಲೇಜು ತಂಡಕ್ಕೆ ಆಯ್ಕೆಯಾದದ್ದೂ ಇದೇ ಕಾರಣಕ್ಕೆ. "ಇವನೊಬ್ಬ ಇದ್ದರೆ ಎಲ್ಲಿ ಬೇಕಾದರೂ ಹಾಕಬಹುದು" ಎಂದು ಕೋಚ್ ಹೇಳಿದಾಗ ಅಕ್ಕ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದಳು. ಆಮೇಲೆ ನಡೆದದ್ದು ಏನು? ಮೊದಲ ಪಂದ್ಯದಲ್ಲಿ 4ನೇ ಕ್ರಮಾಂಕ, 38 ರನ್. ಎರಡನೆಯದರಲ್ಲಿ ಕೀಪರ್ ಹುಡುಗನಿಗೆ ಪರೀಕ್ಷೆ, ಆದ್ದರಿಂದ ಇವನಿಗೆ ಗ್ಲೌಸ್, ಬ್ಯಾಟಿಂಗ್ 7ಕ್ಕೆ. ಮೂರನೆಯದಕ್ಕೆ ಆರಂಭಿಕನ ಟ್ರೇನ್ ಕುರ್ಲಾದಲ್ಲಿ ನಿಂತುಬಿಟ್ಟಿತು, ಆದ್ದರಿಂದ ಇವನು ಓಪನರ್, 11 ರನ್ನಿಗೆ ಔಟ್. ನಾಲ್ಕನೆಯದರಲ್ಲಿ ಆರು ಓವರ್ ಸ್ಪಿನ್ ಹಾಕಿದ, ಬ್ಯಾಟಿಂಗ್ ಸಿಗಲೇ ಇಲ್ಲ. ಐದನೆಯ ಪಂದ್ಯಕ್ಕೆ ಹನ್ನೆರಡನೆಯವ! ನೀರಿನ ಬಾಟಲಿ ಹೊತ್ತುಕೊಂಡು ಓಡುವ ಕೆಲಸ. ಯಾಕೆಂದರೆ ಕೀಪರ್ ಪರೀಕ್ಷೆ ಮುಗಿಸಿ ಬಂದಿದ್ದ, ಓಪನರ್‌ನ ಟ್ರೇನ್ ಸರಿಯಾಗಿ ಬಂದಿತ್ತು.

"ಮಾವ, ಎಲ್ಲ ಜಾಗಕ್ಕೂ ಆಗುತ್ತೇನೆ ಅಂತ ತೆಗೆದುಕೊಂಡರು. ಈಗ ನನಗೆ ಅಂತ ಒಂದು ಜಾಗ ಇಲ್ಲ."

ನಾನು ಕೂಡಲೇ ಉತ್ತರ ಹೇಳಲಿಲ್ಲ. ಹೇಳಲಾಗಲಿಲ್ಲ ಅನ್ನುವುದೇ ಸರಿ. ಯಾಕೆಂದರೆ ಅವನು ತನ್ನ ಐದು ಪಂದ್ಯಗಳ ಕಥೆ ಹೇಳುತ್ತಿದ್ದಾಗ ನನಗೆ ಕೇಳಿಸುತ್ತಿದ್ದದ್ದು ನನ್ನ ಮೂವತ್ತು ವರ್ಷಗಳ ಕಥೆ.

ನಾನು ಕುಂದಾಪುರ ಕಡೆಯವನು. ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ಪಾಸಾಗಿ ಈ ಊರಿಗೆ ಬಂದವನು. ಕೆಲಸ ಬೇಗ ಕಲಿಯುತ್ತೇನೆ ಅನ್ನುವುದೊಂದೇ ನನ್ನ ಗುಣ, ಅದೇ ನನ್ನ ದೋಷ. ಕ್ಯಾಷಿಯರ್ ರಜೆ ಹಾಕಿದರೆ ಕ್ಯಾಶಿಗೆ ನಾನು. ಕ್ಲಿಯರಿಂಗ್‌ನಲ್ಲಿ ವ್ಯತ್ಯಾಸ ಬಂದರೆ ಹುಡುಕಲು ನಾನು. ಡ್ರಾಫ್ಟ್ ಕೌಂಟರ್, ಸಾಲದ ವಿಭಾಗ, ಕಂಪ್ಯೂಟರ್ ಬಂದಾಗ ಹಳೆಯ ಲೆಡ್ಜರಿನ ಬಾಕಿಗಳನ್ನು ಹೊಸ ವ್ಯವಸ್ಥೆಗೆ ಏರಿಸುವುದು... ಎಲ್ಲಕ್ಕೂ ನಾನೇ. "ನೀವಿದ್ದರೆ ನನಗೆ ಚಿಂತೆ ಇಲ್ಲ" ಎಂದು ಎಷ್ಟು ಮ್ಯಾನೇಜರುಗಳು ಹೇಳಿದರೋ ಲೆಕ್ಕವಿಲ್ಲ. ಕೇಳಿ ಕೇಳಿ ಉಬ್ಬಿದ್ದೆ. ಆಮೇಲೆ ಒಂದು ದಿನ ಬಡ್ತಿಯ ಸಂದರ್ಶನದಲ್ಲಿ ಕೂತಾಗ ಎದುರಿದ್ದವರು ಕೇಳಿದರು: "ನಿಮ್ಮ ವಿಶೇಷ ಕ್ಷೇತ್ರ ಯಾವುದು?" ನಾನು ಎಲ್ಲವನ್ನೂ ಪಟ್ಟಿ ಮಾಡಿದೆ. ಅವರು ನಕ್ಕು ಬರೆದುಕೊಂಡರು. ಆ ಸಲ ಬಡ್ತಿ ಸಿಕ್ಕಿದ್ದು, ಹತ್ತು ವರ್ಷ ವಿದೇಶಿ ವಿನಿಮಯದ ಒಂದೇ ಸೀಟಿನಲ್ಲಿ ಅಲ್ಲಾಡದೆ ಕೂತಿದ್ದ ನನ್ನ ಸಹೋದ್ಯೋಗಿಗೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಆ ಕೆಲಸದಲ್ಲಿ ನಿಜಕ್ಕೂ ಪಕ್ಕಾ ಆಗಿದ್ದ. ನಾನು ಎಲ್ಲದರಲ್ಲೂ ಮುಕ್ಕಾಲು ಪಕ್ಕಾ ಆಗಿದ್ದೆ, ಅಷ್ಟೇ.

ನಮ್ಮಲ್ಲಿ ಇಂಥವರನ್ನು ಕರಿಬೇವು ಅನ್ನುತ್ತಾರೆ. ಒಗ್ಗರಣೆಗೆ ಇಲ್ಲದಿದ್ದರೆ ನಡೆಯುವುದಿಲ್ಲ. ಸಾರಿಗೂ ಬೇಕು, ಪಲ್ಯಕ್ಕೂ ಬೇಕು, ಮಜ್ಜಿಗೆಗೂ ಬೇಕು. ಊಟಕ್ಕೆ ಕೂತಾಗ ಮಾತ್ರ ಮೊದಲು ಎಲೆಯ ಬದಿಗೆ ತಳ್ಳುವುದು ಅದನ್ನೇ.

ಇರಲಿ, ನನ್ನ ಪುರಾಣ ಬಿಡಿ. ಹುಡುಗನ ಪ್ರಶ್ನೆ ದೊಡ್ಡದು. ಎಲ್ಲ ಬಲ್ಲ ಒಬ್ಬ ಹುಡುಗ ಕೈಗೆ ಸಿಕ್ಕಿದಾಗ ಅವನನ್ನು ಎಲ್ಲಿ ನಿಲ್ಲಿಸಬೇಕು? ಈ ಪ್ರಶ್ನೆ ನಮ್ಮ ಕರಾವಳಿಯವರಿಗೂ ಮುಂಬಯಿಗೂ ಹೊಸದಲ್ಲ. ನಾಲ್ಕು ಜನರ ಉದಾಹರಣೆ ಕೊಡುತ್ತೇನೆ, ನಾಲ್ವರೂ ಒಂದಲ್ಲ ಒಂದು ರೀತಿಯಲ್ಲಿ ನಮ್ಮವರೇ.

ಮೊದಲನೆಯವರು ಬುಧಿ ಕುಂದರನ್. ಇಂದಿನ ಹುಡುಗರಿಗೆ ಹೆಸರೇ ಗೊತ್ತಿಲ್ಲ. ಹುಟ್ಟಿದ್ದು 1939ರಲ್ಲಿ ನಮ್ಮ ಮುಲ್ಕಿಯಲ್ಲಿ, ಬೆಳೆದದ್ದು ಮುಂಬಯಿಯಲ್ಲಿ. ಒಂದೇ ಒಂದು ರಣಜಿ ಪಂದ್ಯ ಆಡದೆ 1960ರ ಜನವರಿಯಲ್ಲಿ ಇದೇ ಬ್ರೆಬೋರ್ನ್ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ಕೀಪರ್ ಆಗಿ ಟೆಸ್ಟ್‌ಗೆ ಇಳಿದವರು. ಮುಂದಿನ ಟೆಸ್ಟ್ ಮದರಾಸಿನಲ್ಲಿ. ಅಲ್ಲಿ ಇನ್ನಿಂಗ್ಸ್ ಆರಂಭಿಸಿ 71 ಹೊಡೆದರು. 1964ರ ಜನವರಿಯಲ್ಲಿ ಅದೇ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192. ಮೊದಲ ದಿನದ ಕೊನೆಗೇ 170 ಆಗಿತ್ತು! ಆ ಸರಣಿಯಲ್ಲಿ ಅವರ ಒಟ್ಟು ರನ್ 525. ಕೀಪರ್ ಒಬ್ಬ ಒಂದು ಸರಣಿಯಲ್ಲಿ ಅಷ್ಟು ರನ್ ಹೊಡೆಯುವುದು ಆ ಕಾಲದಲ್ಲಿ ಕೇಳಿ ಗೊತ್ತಿಲ್ಲದ ಮಾತು. ಆದರೂ ಅದೇ 1964ರಲ್ಲಿ ಆಸ್ಟ್ರೇಲಿಯಾ ಬಂದಾಗ ಗ್ಲೌಸ್ ಇನ್ನೊಬ್ಬರ ಕೈಯಲ್ಲಿತ್ತು. ಮುಂದೆ ಫಾರೂಕ್ ಎಂಜಿನಿಯರ್ ಜೊತೆ ಒಮ್ಮೆ ಇವರು, ಒಮ್ಮೆ ಅವರು.

ಕೊನೆಯ ಟೆಸ್ಟ್‌ನ ಕಥೆ ಕೇಳಿ. 1967ರ ಜುಲೈ, ಇಂಗ್ಲೆಂಡಿನ ಎಜ್‌ಬಾಸ್ಟನ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಸ್ಪಿನ್ನರುಗಳು ಒಂದೇ ತಂಡದಲ್ಲಿ. ಹೊಸ ಚೆಂಡು ಹಿಡಿಯುವವರೇ ಇಲ್ಲ. ಯಾರಿಗೆ ಕೊಟ್ಟರು ಗೊತ್ತೇ? ನಮ್ಮ ಮೈಸೂರಿನ ವಿ. ಸುಬ್ರಹ್ಮಣ್ಯ ಮತ್ತು ಕುಂದರನ್‌ಗೆ. ಕೀಪರ್ ಬಂದು ಬೌಲಿಂಗ್ ಆರಂಭಿಸುವುದು! ಏನು ಬೌಲ್ ಮಾಡುತ್ತೀಯ ಎಂದು ನಾಯಕ ಪಟೌಡಿ ಕೇಳಿದರೆ, ಚೆಂಡು ಹಾಕಿ ನೋಡಿದ ಮೇಲೆ ನನಗೂ ಗೊತ್ತಾಗುತ್ತದೆ ಅನ್ನುವ ಅರ್ಥದ ಉತ್ತರ ಬಂತೆಂಬ ಕಥೆ ಕ್ರಿಕೆಟ್ ವಲಯದಲ್ಲಿ ಇಂದಿಗೂ ಓಡಾಡುತ್ತದೆ. ಕೇಳಿ ನಾವೆಲ್ಲ ನಗುತ್ತೇವೆ. ನನಗೆ ಮಾತ್ರ ಈಚೆಗೆ ನಗು ಬರುವುದಿಲ್ಲ. 192 ಹೊಡೆದ ಮನುಷ್ಯನಿಗೆ ಸಿಕ್ಕಿದ್ದು ಒಟ್ಟು 18 ಟೆಸ್ಟ್. ಆಮೇಲೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದರು, 2006ರಲ್ಲಿ ಅಲ್ಲೇ ತೀರಿಕೊಂಡರು. ಕರಿಬೇವು ಅಂದರೆ ಇದೇ ಅಲ್ಲವೇ?

ಹಾಗಾದರೆ ಎಲ್ಲ ಬಲ್ಲವರ ಹಣೆಬರಹವೇ ಇಷ್ಟೋ? ಇಲ್ಲ. ಎರಡನೆಯ ಉದಾಹರಣೆ ರವಿ ಶಾಸ್ತ್ರಿ. ಮೂಲ ಮಂಗಳೂರು ಕಡೆ, ಹುಟ್ಟಿದ್ದು 1962ರಲ್ಲಿ ಮುಂಬಯಿಯಲ್ಲಿ. ಓದಿದ್ದು ಮಾಟುಂಗದ ಡಾನ್ ಬಾಸ್ಕೊ ಶಾಲೆ, ಆಮೇಲೆ ಪಕ್ಕದ ಪೋದ್ದಾರ್ ಕಾಲೇಜು. ಅಂದರೆ ನಮ್ಮ ಹುಡುಗನ ಓಣಿಯವರೇ. ಕಾಲೇಜಿನಲ್ಲಿರುವಾಗಲೇ ಮುಂಬಯಿ ರಣಜಿ ತಂಡಕ್ಕೆ ಸೇರಿದರು. 1981ರ ಫೆಬ್ರುವರಿಯಲ್ಲಿ ದಿಲೀಪ್ ದೋಶಿ ಗಾಯಗೊಂಡಾಗ ನ್ಯೂಜಿಲೆಂಡಿಗೆ ಕರೆ ಬಂತು. ವೆಲಿಂಗ್ಟನ್ ಟೆಸ್ಟ್‌ನಲ್ಲಿ ಎಡಗೈ ಸ್ಪಿನ್ನರ್ ಆಗಿ ಆರು ವಿಕೆಟ್. ಬ್ಯಾಟಿಂಗ್ 10ನೇ ಕ್ರಮಾಂಕದಲ್ಲಿ. ಹದಿನೆಂಟು ತಿಂಗಳು ತುಂಬುವ ಮೊದಲೇ, 1982ರಲ್ಲಿ ಓವಲ್ ಮೈದಾನದಲ್ಲಿ ಇನ್ನಿಂಗ್ಸ್ ಆರಂಭಿಸಿ 66. 1983ರಲ್ಲಿ ಕರಾಚಿಯಲ್ಲಿ ಆರಂಭಿಕನಾಗಿಯೇ ಮೊದಲ ಶತಕ. 1985ರ ಜನವರಿಯಲ್ಲಿ ವಾಂಖೆಡೆಯಲ್ಲಿ ಬರೋಡಾ ವಿರುದ್ಧ ಒಂದೇ ಓವರಿನಲ್ಲಿ ಆರು ಸಿಕ್ಸರ್, ಆಮೇಲೆ ಆಸ್ಟ್ರೇಲಿಯಾದಲ್ಲಿ ಆಡಿ ಕಾರು. ನಿವೃತ್ತಿಯಾದಾಗ 80 ಟೆಸ್ಟ್, 3,830 ರನ್, 11 ಶತಕ, 151 ವಿಕೆಟ್.

ಇವರೂ ಮೇಲೆ ಕೆಳಗೆ ಓಡಾಡಿದವರೇ, ಕುಂದರನ್ ಹಾಗೆ. ಆದರೆ ವ್ಯತ್ಯಾಸ ಎಲ್ಲಿದೆ ನೋಡಿ. ಶಾಸ್ತ್ರಿ ತಂಡಕ್ಕೆ ಬಂದದ್ದು ಒಂದು ಖಚಿತವಾದ ಕೆಲಸಕ್ಕೆ, ಎಡಗೈ ಸ್ಪಿನ್. ಆ ಕೆಲಸ ಅವರ ಕೈಯಲ್ಲಿದ್ದೇ ಇತ್ತು. ಬ್ಯಾಟಿಂಗ್‌ನಲ್ಲಿ ಒಂದು ದಿನ ಸೊನ್ನೆ ಸುತ್ತಿದರೂ ಬೌಲಿಂಗ್ ಅವರನ್ನು ಹಿಡಿದು ನಿಲ್ಲಿಸುತ್ತಿತ್ತು. ಒಂದು ಕಾಲು ನೆಲದಲ್ಲಿ ಗಟ್ಟಿಯಾಗಿ ಊರಿಕೊಂಡು ಇನ್ನೊಂದು ಕಾಲನ್ನು ಮೇಲಿನ ಮೆಟ್ಟಿಲಿಗೆ ಇಟ್ಟರು. ಎರಡೂ ಕಾಲು ಗಾಳಿಯಲ್ಲಿಟ್ಟು ಹಾರಲಿಲ್ಲ.

ಮೂರನೆಯವರು ರಾಹುಲ್ ದ್ರಾವಿಡ್. ಇವರ ಬಗ್ಗೆ ಕನ್ನಡಿಗರಿಗೆ ನಾನೇನು ಹೇಳಬೇಕಾಗಿಲ್ಲ. ಆದರೂ ಒಬ್ಬ ಬ್ಯಾಂಕಿನವನ ಕಣ್ಣಿನಿಂದ ಆ ವೃತ್ತಿಜೀವನವನ್ನು ನೋಡಿ. ನಮ್ಮಲ್ಲಿ ಡೆಪ್ಯುಟೇಶನ್ ಅಂತ ಒಂದು ವ್ಯವಸ್ಥೆ ಇದೆ. ಬೇರೆ ಶಾಖೆಯಲ್ಲಿ ಜನ ಕಡಿಮೆಯಾದರೆ ನಿಮ್ಮನ್ನು ಅಲ್ಲಿಗೆ ಕಳಿಸುತ್ತಾರೆ. ಆದರೆ ನಿಮ್ಮ ಹೆಸರು ಮೂಲ ಶಾಖೆಯ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಅಲ್ಲಿ ಕೆಲಸ ಮುಗಿದರೆ ವಾಪಸು ನಿಮ್ಮ ಕುರ್ಚಿಗೆ. ದ್ರಾವಿಡ್‌ಗೆ ಮೂಲ ಶಾಖೆ ಇತ್ತು, ಟೆಸ್ಟ್‌ನಲ್ಲಿ 3ನೇ ಕ್ರಮಾಂಕ. 13,288 ಟೆಸ್ಟ್ ರನ್ನುಗಳಲ್ಲಿ 10,000ಕ್ಕೂ ಹೆಚ್ಚು ಆ ಒಂದೇ ಕುರ್ಚಿಯಲ್ಲಿ ಕೂತು ಗಳಿಸಿದ್ದು. ಉಳಿದದ್ದೆಲ್ಲ ಡೆಪ್ಯುಟೇಶನ್. ಒಬ್ಬ ಹೆಚ್ಚುವರಿ ಬ್ಯಾಟ್ಸ್‌ಮನ್‌ಗೆ ಜಾಗ ಆಗಲಿ ಅಂತ ಏಕದಿನ ಪಂದ್ಯಗಳಲ್ಲಿ ಗ್ಲೌಸ್ ತೊಟ್ಟು, 2003ರ ವಿಶ್ವಕಪ್ ಪೂರ್ತಿ ಕೀಪಿಂಗ್ ಮಾಡಿದರು. ತಂಡ ಫೈನಲ್ ತಲುಪಿತು. 2004ರ ಕೊನೆಗೆ ಧೋನಿ ಬಂದರು, ಖಾಯಂ ಕೀಪರ್ ಸಿಕ್ಕರು, ದ್ರಾವಿಡ್‌ರ ಡೆಪ್ಯುಟೇಶನ್ ಮುಗಿಯಿತು. 2006ರ ಜನವರಿಯಲ್ಲಿ ಲಾಹೋರಿನಲ್ಲಿ ಆರಂಭಿಕರಾಗಿ ಸೆಹ್ವಾಗ್ ಜೊತೆ 410. 2011ರಲ್ಲಿ ಓವಲ್‌ನಲ್ಲಿ ಆರಂಭಿಕರಾಗಿ ಕೊನೆಯವರೆಗೂ ಔಟಾಗದೆ 146.

ನೀವು ಕೇಳಬಹುದು, 2001ರ ಕೋಲ್ಕತಾ ಟೆಸ್ಟ್‌ನಲ್ಲಿ ಅವರ ಮೂಲ ಕುರ್ಚಿಯನ್ನೇ ಕಿತ್ತು ಲಕ್ಷ್ಮಣ್‌ಗೆ ಕೊಟ್ಟರಲ್ಲ? ಹೌದು, ಕೊಟ್ಟರು. ಫಾಲೋಆನ್ ಆಗಿದ್ದ ಹೊತ್ತಿನಲ್ಲಿ ಲಕ್ಷ್ಮಣ್ 3ಕ್ಕೆ, ದ್ರಾವಿಡ್ 6ಕ್ಕೆ. ಒಬ್ಬರು 281, ಇನ್ನೊಬ್ಬರು 180, ಜೊತೆಯಾಟ 376. ಜಾಗ ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಆ ದಿನ ಬದಲಿಸಿದ್ದಕ್ಕೆ ಕಾರಣ ಇತ್ತು. ಮೊದಲ ಇನ್ನಿಂಗ್ಸಿನಲ್ಲಿ ಲಕ್ಷ್ಮಣ್ ಚೆನ್ನಾಗಿ ಆಡಿದ್ದರು, ದ್ರಾವಿಡ್ ಲಯದಲ್ಲಿರಲಿಲ್ಲ. ಕಾರಣ ಇಟ್ಟುಕೊಂಡು ಮನುಷ್ಯನನ್ನು ಸ್ಥಳಾಂತರಿಸುವುದು ಬೇರೆ. ಎಲ್ಲಿ ತೂತು ಬಿದ್ದರೂ ಅವನನ್ನೇ ತುರುಕುವುದು ಬೇರೆ.

ಈ ಎರಡನೆಯದಕ್ಕೆ ಉದಾಹರಣೆ ನಾಲ್ಕನೆಯವನು, ನಮ್ಮ ಕೆ.ಎಲ್. ರಾಹುಲ್. ಬೆಂಗಳೂರಿನಲ್ಲಿ ಹುಟ್ಟಿ, ಅಪ್ಪ ಪ್ರೊಫೆಸರ್ ಆಗಿದ್ದ ಸುರತ್ಕಲ್‌ನ ಎನ್‌ಐಟಿಕೆ ಆವರಣದಲ್ಲಿ ಬೆಳೆದ ಹುಡುಗ. 2023ರಲ್ಲಿ ಮುಲ್ಕಿ ಮೂಲದ ನಟ ಸುನಿಲ್ ಶೆಟ್ಟಿಯವರ ಮಗಳನ್ನು ಮದುವೆಯಾದ ಮೇಲೆ ನಮ್ಮ ಮುಂಬಯಿಗೂ ಅಳಿಯ. ಅಳಿಯನ ಮೇಲೆ ಹಕ್ಕಿದೆ ಅಂತ ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಬೇಡ.

2014ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸಿನಲ್ಲಿ 6ನೇ ಕ್ರಮಾಂಕ, ಎರಡನೆಯದರಲ್ಲಿ 3ನೇ ಕ್ರಮಾಂಕ. ರನ್ 3 ಮತ್ತು 1. ಮುಂದಿನ ಟೆಸ್ಟ್ ಸಿಡ್ನಿಯಲ್ಲಿ, ಅವನ ಸ್ವಂತ ಆರಂಭಿಕ ಜಾಗ ಕೊಟ್ಟರು. 110! ಅಷ್ಟಕ್ಕೇ ಎಲ್ಲರಿಗೂ ಅರ್ಥವಾಗಬೇಕಿತ್ತು.

2020ರ ಜನವರಿಯ ಆ ಒಂದು ವಾರ ನೆನಪಿದೆಯೇ? ಆಸ್ಟ್ರೇಲಿಯಾ ಜೊತೆ ಮೂರು ಏಕದಿನ ಪಂದ್ಯ. 14ರಂದು ನಮ್ಮ ವಾಂಖೆಡೆಯಲ್ಲಿ 3ನೇ ಕ್ರಮಾಂಕ, 47 ರನ್. ಪಂತ್‌ನ ಹೆಲ್ಮೆಟ್ಟಿಗೆ ಚೆಂಡು ಬಡಿದದ್ದರಿಂದ ಗ್ಲೌಸ್ ಕೂಡ ಇವನಿಗೆ. 17ರಂದು ರಾಜಕೋಟೆಯಲ್ಲಿ 5ನೇ ಕ್ರಮಾಂಕ, 52 ಚೆಂಡಿಗೆ 80, ಜೊತೆಗೆ ಕೀಪಿಂಗ್. 19ರಂದು ಬೆಂಗಳೂರಿನಲ್ಲಿ ಧವನ್‌ಗೆ ಗಾಯ, ಇವನು ಆರಂಭಿಕ, 19 ರನ್. ಆರು ದಿನದಲ್ಲಿ ಮೂರು ಊರು, ಮೂರು ಕ್ರಮಾಂಕ. ಕಾಲೇಜು ತಂಡದಲ್ಲಿ ನಮ್ಮ ಹುಡುಗನಿಗಾದದ್ದೇ ಭಾರತ ತಂಡದಲ್ಲಿ ಅವನಿಗೂ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಒಳ್ಳೆಯದೂ ಆಯಿತು, ಇಲ್ಲ ಅನ್ನುವುದಿಲ್ಲ. ಕೀಪಿಂಗ್ ಜೊತೆ 5ನೇ ಕ್ರಮಾಂಕ ಅಂತ ಏಕದಿನದಲ್ಲಿ ಒಂದು ಕುರ್ಚಿ ಹುಟ್ಟಿಕೊಂಡಿತು. 2023ರ ವಿಶ್ವಕಪ್ಪಿನಲ್ಲಿ ಚೆನ್ನೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ 2 ರನ್ನಿಗೆ 3 ವಿಕೆಟ್ ಹೋಗಿತ್ತು. ಅಷ್ಟು ಹೊತ್ತು ಕೀಪಿಂಗ್ ಮಾಡಿ, ಆಗಷ್ಟೇ ಸ್ನಾನ ಮುಗಿಸಿದ್ದವನು ಬ್ಯಾಟ್ ಹಿಡಿದು ಬಂದು ಔಟಾಗದೆ 97 ಹೊಡೆದು ಗೆಲ್ಲಿಸಿದ. ಇಡೀ ಕೂಟದಲ್ಲಿ ಒಂದೇ ಕೆಲಸ, 452 ರನ್. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಅಕ್ಷರ್ ಪಟೇಲ್‌ಗೆ 5 ಕೊಟ್ಟು ಇವನನ್ನು 6ಕ್ಕೆ ಇಳಿಸಿದರು. ಸೆಮಿಫೈನಲ್‌ನಲ್ಲಿ ಔಟಾಗದೆ 42, ಫೈನಲ್‌ನಲ್ಲಿ ಔಟಾಗದೆ 34. ಅಲ್ಲೂ ಇಡೀ ಕೂಟಕ್ಕೆ ಒಂದೇ ಜಾಗ, ಆದ್ದರಿಂದ ಹೊಂದಿಕೊಂಡ.

ಟೆಸ್ಟ್ ನೋಡಿ, ಇನ್ನೂ ಸ್ಪಷ್ಟವಾಗುತ್ತದೆ. 2024ರ ಕೊನೆಯ ಆಸ್ಟ್ರೇಲಿಯಾ ಪ್ರವಾಸದಲ್ಲಿ ರೋಹಿತ್ ಇಲ್ಲದಾಗ ಪರ್ತ್‌ನಲ್ಲಿ ಆರಂಭಿಕನಾಗಿ 77, ಬ್ರಿಸ್ಬೇನ್‌ನಲ್ಲಿ 84. ಮೆಲ್ಬರ್ನ್‌ಗೆ ಬರುವ ಹೊತ್ತಿಗೆ ರೋಹಿತ್‌ಗೆ ತಮ್ಮ ಜಾಗ ವಾಪಸು ಬೇಕಾಯಿತು. ಇವನು 3ಕ್ಕೆ. ರನ್ 24 ಮತ್ತು 0. ಚೆನ್ನಾಗಿ ಆಡುತ್ತಿದ್ದವನನ್ನೇ ಎಬ್ಬಿಸಿದರು, ಯಾಕೆ? ಅವನು ಬೇಡ ಅನ್ನುವುದಿಲ್ಲವಲ್ಲ, ಅದಕ್ಕೆ. 2025ರಲ್ಲಿ ರೋಹಿತ್ ಟೆಸ್ಟ್‌ನಿಂದ ನಿವೃತ್ತರಾದರು. ಇಂಗ್ಲೆಂಡ್ ಪ್ರವಾಸದ ಐದೂ ಟೆಸ್ಟ್‌ನಲ್ಲಿ ಇವನು ಆರಂಭಿಕ, ಯಾರೂ ಎಬ್ಬಿಸಲಿಲ್ಲ. 532 ರನ್. ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ 100. ಮೊದಲ ಟೆಸ್ಟ್ ಆಡಿ ಹತ್ತು ವರ್ಷ ಕಳೆದ ಮೇಲೆ! ಅವನಿಗೆ ಏರಿಳಿತಗಳೂ ಇದ್ದವು, ಕೆಟ್ಟದಾಗಿ ಆಡಿ ಜಾಗ ಕಳೆದುಕೊಂಡದ್ದೂ ಉಂಟು, ಎಲ್ಲ ತಪ್ಪೂ ಆಡಿಸಿದವರದ್ದೇ ಅಂತ ವಾದ ಮಾಡುವುದಿಲ್ಲ. ಆದರೆ ಮೂಲ ಶಾಖೆ ಇಲ್ಲದೆ ಬರೀ ಡೆಪ್ಯುಟೇಶನ್‌ನಲ್ಲೇ ಕಳೆದ ವರ್ಷಗಳ ಬೆಲೆ ಏನು ಅನ್ನುವುದು ನನಗೆ ಆ 532ರಲ್ಲಿ ಕಾಣುತ್ತದೆ.

ಈಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಈ ಬರಹ ಬರೀ ದೂರಾಗುತ್ತದೆ.

ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಸಣ್ಣ ಶಾಖೆಗೆ ನಾನು ಮ್ಯಾನೇಜರ್ ಆಗಿದ್ದೆ. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಹೊಸದಾಗಿ ಅಧಿಕಾರಿಯಾಗಿ ಬಂದಳು. ಏನು ಹೇಳಿಕೊಟ್ಟರೂ ಎರಡು ದಿನದಲ್ಲಿ ಕಲಿಯುತ್ತಿದ್ದಳು. ನನಗೋ ಜನ ಕಡಿಮೆ, ಮೇಲಿನಿಂದ ಟಾರ್ಗೆಟ್ ಜಾಸ್ತಿ. ಏನು ಮಾಡಿದೆ ಹೇಳಿ? ನನಗೆ ನನ್ನ ಮ್ಯಾನೇಜರುಗಳು ಮಾಡಿದ್ದನ್ನೇ ಮಾಡಿದೆ. ಬೆಳಿಗ್ಗೆ ಕೌಂಟರ್, ಮಧ್ಯಾಹ್ನ ಸಾಲದ ಕಡತ, ಸಂಜೆ ಆಡಿಟ್‌ನವರ ಪ್ರಶ್ನೆಗಳಿಗೆ ಉತ್ತರ. "ನೀನಿದ್ದರೆ ನನಗೆ ಚಿಂತೆ ಇಲ್ಲಮ್ಮ" ಅಂತ ಅದೇ ಮಾತನ್ನೂ ಹೇಳಿದೆ! ಎರಡೂವರೆ ವರ್ಷಕ್ಕೆ ರಾಜೀನಾಮೆ ಕೊಟ್ಟಳು. ಹೋಗುವ ದಿನ ಸಿಹಿ ಹಂಚುತ್ತಾ ಹೇಳಿದಳು: "ಸರ್, ಇಲ್ಲಿ ಎಲ್ಲಾರ ಕೆಲಸಾನೂ ಕಲತೆ. ನನ್ನ ಕೆಲಸ ಯಾವುದು ಅನ್ನೋದೊಂದು ತಿಳೀಲಿಲ್ಲ ನೋಡ್ರಿ." ನಗುತ್ತಲೇ ಹೇಳಿದಳು. ನನಗೆ ಆ ಪೇಢಾ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾಗಿ ಕಾಲೇಜು ಕೋಚ್ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ಜನರಲ್ಲಿ ತಂಡ ಕಟ್ಟಬೇಕಾದವನಿಗೆ ಎಲ್ಲ ಬಲ್ಲವನು ದೇವರು ಕೊಟ್ಟ ವರ. ಮುಂಬಯಿಯ ಲೋಕಲ್ ನಂಬಿ ತಂಡ ಕಟ್ಟುವವನಿಗಂತೂ ಇನ್ನೂ ಹೆಚ್ಚು. ಆದರೆ ಒಂದು ಲೆಕ್ಕ ಅವರು ಮರೆಯಬಾರದು. ಹುಡುಗನನ್ನು ಅವನ ಜಾಗದಿಂದ ಎಬ್ಬಿಸಿ ಬೇರೆ ಕಡೆ ಹಾಕಿದರೆ ಅದು ಅವನಿಂದ ತೆಗೆದುಕೊಂಡ ಸಾಲ. ಸಾಲ ತೆಗೆದುಕೊಂಡವನು ಅಸಲು ಬಡ್ಡಿ ತೀರಿಸಬೇಕು. 7ನೇ ಕ್ರಮಾಂಕಕ್ಕೆ ಇಳಿಸಿದ ಮೇಲೆ ರನ್ ಹೊಡೆಯಲಿಲ್ಲ ಅಂತ ಕೈಬಿಟ್ಟರೆ, ಸಾಲ ಕೊಟ್ಟವನ ಮನೆಯನ್ನೇ ಜಪ್ತಿ ಮಾಡಿದ ಹಾಗೆ.

ಅಂದಮೇಲೆ ಎಲ್ಲ ಬಲ್ಲ ಹುಡುಗನಿಗೆ ಸರಿಯಾದ ಜಾಗ ಯಾವುದು? ಅವನು ಎಲ್ಲಿ ಸುಧಾರಿಸಿಕೊಂಡು ಹೋಗಬಲ್ಲ ಅಂತ ಕೇಳಬಾರದು, ಅವನು ಎಲ್ಲಿ ಬೇಕಾದರೂ ಸುಧಾರಿಸುತ್ತಾನೆ. ಉಳಿದ ಕೆಲಸಗಳನ್ನೆಲ್ಲ ಮರೆತುಬಿಟ್ಟರೂ ಯಾವ ಒಂದು ಕೆಲಸಕ್ಕಾಗಿ ಅವನನ್ನು ತಂಡಕ್ಕೆ ತೆಗೆದುಕೊಳ್ಳುತ್ತೀರಿ ಅಂತ ಕೇಳಬೇಕು. ಅದು ಅವನ ಮೂಲ ಶಾಖೆ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಬೇಕು, ಕಡೇಪಕ್ಷ ಒಂದು ಸೀಸನ್ ಪೂರ್ತಿ ಕೊಡಬೇಕು. ಆಮೇಲೆ ಅವಶ್ಯ ಬಿದ್ದಾಗ ಡೆಪ್ಯುಟೇಶನ್ ಕಳಿಸಿ, ತಕರಾರಿಲ್ಲ. ವಾಪಸು ಬಂದಾಗ ಕುರ್ಚಿ ಖಾಲಿ ಇರಬೇಕು, ಅಷ್ಟೇ. ಮೊದಲು ಕುರ್ಚಿ, ಆಮೇಲೆ ಓಡಾಟ. ನಾವು ಮಾಡುವುದು ಉಲ್ಟಾ. ಮೊದಲು ಓಡಾಡಿಸುತ್ತೇವೆ, ಓಡಾಡಿ ಸುಸ್ತಾದ ಮೇಲೆ "ನಿನ್ನ ಕುರ್ಚಿ ಯಾವುದು" ಅಂತ ಕೇಳುತ್ತೇವೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಇಷ್ಟು ಉದ್ದಕ್ಕೆ ಅಲ್ಲ, ಮಧ್ಯದಲ್ಲಿ ಅವನು ಮೂರು ಸಲ ಮೊಬೈಲ್ ನೋಡಿದ. ಕೊನೆಗೆ ಕೇಳಿದೆ: "ಈಗ ಹೇಳು. ಉಳಿದ ಎರಡನ್ನೂ ಯಾರಾದರೂ ಕಿತ್ತುಕೊಂಡರೆ ಯಾವ ಒಂದರಿಂದ ತಂಡದಲ್ಲಿ ಉಳಿಯುತ್ತೀ?"

ನನ್ನ ಮನಸ್ಸಿನಲ್ಲಿ ಇದ್ದದ್ದು ಬ್ಯಾಟಿಂಗ್. 4ನೇ ಕ್ರಮಾಂಕದಲ್ಲಿ 38 ಹೊಡೆದಿದ್ದಾನಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕೀಪಿಂಗ್, ಮಾವ. ಬ್ಯಾಟಿಂಗ್ ಈ ಊರಿನಲ್ಲಿ ಎಲ್ಲರೂ ಮಾಡುತ್ತಾರೆ. ಮೈದಾನಕ್ಕೆ ಹೋದರೆ ನೂರು ಜನ 4ನೇ ಕ್ರಮಾಂಕದವರು ಸಿಗುತ್ತಾರೆ. ಆವತ್ತು ಒಂದೇ ಪಂದ್ಯದಲ್ಲಿ ಗ್ಲೌಸ್ ಹಾಕಿದೆನಲ್ಲ, ಸ್ಪಿನ್ನರ್ ಬಂದು ಹೇಳಿದ, ನೀನು ಹಿಂದೆ ನಿಂತರೆ ಧೈರ್ಯದಿಂದ ಚೆಂಡು ಮೇಲಕ್ಕೆ ಎಸೆಯುತ್ತೇನೆ ಅಂತ. ಬ್ಯಾಟಿಂಗ್‌ಗೆ ಅಂಥ ಮಾತು ನನಗೆ ಯಾರೂ ಹೇಳಿಲ್ಲ."

"ಕಾಲೇಜಿನಲ್ಲಿ ಕೀಪರ್ ಇದ್ದಾನಲ್ಲೋ?"

"ಇದ್ದಾನೆ. ಅವನು ಈ ವರ್ಷ ಕೊನೆಯ ವರ್ಷ."

ಬಿ.ಕಾಂ. ಬುದ್ಧಿ ಅಂದರೆ ಇದು! ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಾನೆ. ನಾನು ಅವನ ಸ್ಕೋರು ಮಾತ್ರ ನೋಡಿದ್ದೆ. ಅವನು ಯಾವ ಕುರ್ಚಿ ಖಾಲಿಯಾಗುತ್ತದೆ, ಯಾವುದಕ್ಕೆ ಜನ ಕಡಿಮೆ, ಯಾವ ಕೆಲಸದಲ್ಲಿ ಪಕ್ಕದವನು ತನ್ನನ್ನು ನಂಬುತ್ತಾನೆ, ಮೂರನ್ನೂ ನೋಡಿದ್ದ.

ವಿಕೆಟ್ ಕೀಪರ್ ಚೌಕಕ್ಕೆ ಗುರುತು ಹಾಕಿದ. ಆಮೇಲೆ ಕೆಳಗೆ, ಇತರ ಮಾಹಿತಿ ಅನ್ನುವ ಜಾಗದಲ್ಲಿ, ಮುದ್ದಾದ ಅಕ್ಷರಗಳಲ್ಲಿ ಒಂದು ಸಾಲು ಬರೆದ: ಯಾವ ಕ್ರಮಾಂಕದಲ್ಲಾದರೂ ಬ್ಯಾಟ್ ಮಾಡಬಲ್ಲೆ.

"ಅದನ್ನು ಹೊಡೆದು ಹಾಕು," ಅಂದೆ.

"ಯಾಕೆ ಮಾವ? ನಿಜ ತಾನೇ?"

"ನಿಜ, ಅದಕ್ಕೇ ಹೊಡೆದು ಹಾಕು. ಅದು ಅವರಿಗೆ ತಾನಾಗಿ ಗೊತ್ತಾಗುತ್ತದೆ. ಆರು ತಿಂಗಳು ಬಿಟ್ಟು ಗೊತ್ತಾಗಲಿ."

ನಕ್ಕ, ಹೊಡೆದು ಹಾಕಿದ. ಕಾಗದ ಮತ್ತೆ ನಾಲ್ಕು ಮಡಿಕೆಯಾಗಿ ಕಿಟ್ಟಿನ ಜೇಬು ಸೇರಿತು. ರಾತ್ರಿ ಊಟಕ್ಕೆ ನನ್ನವಳು ಸಾರು ಬಡಿಸಿದಳು. ಮೂವತ್ತು ವರ್ಷದ ಅಭ್ಯಾಸದಲ್ಲಿ ಕೈ ತಾನಾಗಿ ಕರಿಬೇವನ್ನು ತಟ್ಟೆಯ ಬದಿಗೆ ಸರಿಸಲು ಹೋಯಿತು. ಆವತ್ತು ಯಾಕೋ ಬಾಯಿಗೆ ಹಾಕಿಕೊಂಡು ಅಗಿದೆ. ಸ್ವಲ್ಪ ಕಹಿ. ಆದರೆ ಸಾರಿನ ಘಮ ಇದ್ದದ್ದೆಲ್ಲ ಅದರಲ್ಲೇ.

ಶಿಬಿರದ ಫಲಿತಾಂಶ ಬಂದ ಮೇಲೆ ಖಂಡಿತ ತಿಳಿಸುತ್ತೇನೆ. ಅಲ್ಲಿಯವರೆಗೆ ನೀವು ಹೇಳಿ. ನಿಮ್ಮ ಆಫೀಸಿನಲ್ಲಿ, ನಿಮ್ಮ ಮನೆಯಲ್ಲಿ ಕರಿಬೇವು ಯಾರು? ಅವರಿಗೆ ಅವರದೇ ಆದ ಒಂದು ಕುರ್ಚಿ ಕೊಟ್ಟಿದ್ದೀರಾ?